ರಿವೆಟ್ಟಿನ ಕಾಡಿಗೆ

"ಎಡಗಡೆ ಎತ್ರೋ! ನಿಮ್ಮ ಎಡಗಡೆ ಅಲ್ಲ, ಪೆಟ್ಟಿಗೆಯ ಎಡಗಡೆ!"

ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಬೆನ್ನೊತ್ತಿ, ಅಣ್ಣನ ಶವಪೆಟ್ಟಿಗೆಯ ಒಂದು ತುದಿಯನ್ನು ಎದೆಗವಚಿಕೊಂಡು ಗಿಡುಗ ಅರಚಿದ. ಅಂಥ ಇಕ್ಕಟ್ಟಿನ ಮೆಟ್ಟಿಲು ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಅಲ್ಲಿ ದಪ್ಪನೆಯ ಬೆಕ್ಕೊಂದು ಎದುರಾದರೆ ಮನುಷ್ಯ ಮತ್ತೆ ಮೂರು ಮಹಡಿ ಹತ್ತಿ ಅದಕ್ಕೆ ದಾರಿ ಬಿಡಬೇಕಾಗುತ್ತಿತ್ತು. ಈಗ ಕೆಳಗಿನಿಂದ ವಿಮಾನದ ಹ್ಯಾಂಗರಿನ ಗಟ್ಟಿಗರು ಪೆಟ್ಟಿಗೆಯನ್ನು ಎಳೆಯುತ್ತಿದ್ದರು, ಮೇಲಿನಿಂದ ಅತ್ತಿಗೆ ಬೈಯುತ್ತಿದ್ದಳು.

"ಅವರನ್ನ ಮಗ್ಗುಲಿಗೆ ಹೊರಳಿಸ್ತಿದೀಯಲ್ಲೋ! ಮೆಲ್ಲಗೆ!"

"ಮೆಲ್ಲಗೆ ಅಂದ್ರೆ ಇಲ್ಲೇ ಬಿಟ್ಟು ಹೋಗ್ಬೇಕಾಗತ್ತೆ ಅತ್ತಿಗೆ. ಬದುಕಿದ್ದಾಗ ಎಲ್ಲರ ದಾರಿಗೂ ಅಡ್ಡ ನಿಂತ. ಈಗ ಮೆಟ್ಟಿಲಿಗೂ ಅಡ್ಡ."

"ನಿನ್ನ ನಾಲಗೆಗಿಷ್ಟು ಬೆಂಕಿ ಹಾಕ! ಇಷ್ಟು ವರ್ಷ ಈ ಮೆಟ್ಟಿಲು ತುಳಿಯದೆ ಇದ್ದೋನು, ಇವತ್ತು ಯಾರು ಕರೆದರು ನಿನ್ನ?"

"ಹೊರೋಕೆ ಜನ ಸಾಲಲಿಲ್ಲ ಅಂತ ಕರೆದರು. ನಿಮ್ಮ ಯಜಮಾನರ ಸ್ನೇಹಿತರ ಬಳಗ ಅಷ್ಟು ದೊಡ್ಡದು ನೋಡಿ."

ಕೆಳಗಿದ್ದವರಲ್ಲೊಬ್ಬ ಕಿಸಕ್ಕನೆ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದ. ಅಷ್ಟರಲ್ಲಿ ಅಡುಗೆಮನೆಯಿಂದ ಪಕ್ಕದ ಮನೆಯಾಕೆಯ ದನಿ ಕೇಳಿಸಿತು. "ಅಲ್ಲಾ, ಇದೇನ್ರೀ ಇದು? ಬಂದವರಿಗೆ ಏನಾದ್ರೂ ಬಡಿಸೋಣ ಅಂದ್ರೆ ಇಡೀ ಮನೇಲಿ ಒಂದು ಸೌಟಿಗೂ ಹಿಡಿ ಇಲ್ವಲ್ಲ!"

ಆ ಮನೆಯ ಸೌಟುಗಳ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಸತ್ತವನು ಮೂವತ್ತು ವರ್ಷ ವಿಮಾನಗಳ ರೆಕ್ಕೆ ತಪಾಸಣೆ ಮಾಡಿದವನು. ಮನೆಗೆ ಬಂದವರು ಯಾರೇ ಆಗಲಿ, ಹಾಲಿನವನೇ ಆಗಲಿ, ನಲ್ಲಿ ರಿಪೇರಿಯವನೇ ಆಗಲಿ, ಅವರನ್ನು ಕೂರಿಸಿ, ರೆಕ್ಕೆ ಯಾಕೆ ಮುರಿಯುತ್ತದೆ ಎಂದು ಒಂದು ಸೌಟಿನ ಹಿಡಿ ಮುರಿದು ತೋರಿಸದೆ ಕಳಿಸುತ್ತಿರಲಿಲ್ಲ. ಅವನಿಂದಾಗಿ ಆ ಬಡಾವಣೆಯ ಪಾತ್ರೆ ಅಂಗಡಿಯವನು ಇನ್ನೊಂದು ಅಂಗಡಿ ತೆರೆದ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನ ಅಡ್ಡಹೆಸರು ಕಾಡಿಗೆ.

ಆ ಹೆಸರು ಬಂದದ್ದು ಹೀಗೆ. ರೆಕ್ಕೆಯ ತಗಡನ್ನು ಒಳಗಿನ ತೊಲೆಗೆ ಹಿಡಿದಿಡುವ ರಿವೆಟ್ಟು ಸಡಿಲವಾದರೆ, ಹಾರುವಾಗ ತೂತಿನಲ್ಲಿ ಅಲುಗಾಡಿ ಲೋಹ ಲೋಹವನ್ನು ಉಜ್ಜುತ್ತದೆ. ಉಜ್ಜಿದ ಕರಿ ಹುಡಿ ಗಾಳಿಗೆ ಹಿಂದಕ್ಕೆ ಹರಿದು, ಕಣ್ಣಿನ ಕೊನೆಯಲ್ಲಿ ಎಳೆದ ಕಾಡಿಗೆಯಂತೆ ಗೆರೆಯಾಗುತ್ತದೆ. "ರಿವೆಟ್ಟು ಕಾಡಿಗೆ ಹಚ್ಚಿಕೊಂಡಿದೆ" ಎಂದು ಹ್ಯಾಂಗರಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಸಾಕು, ಟಾರ್ಚು, ಕನ್ನಡಿ ಹಿಡಿದು ಅವನು ಓಡುತ್ತಿದ್ದ. ಅದು ರೆಕ್ಕೆ ತನ್ನ ಸಂಕಟ ಹೇಳಿಕೊಳ್ಳುವ ಒಂದೇ ಭಾಷೆ ಅಂತ ಅವನ ವಾದ. ತಾನು ನೋಡುವ ಮುಂಚೆ ವಿಮಾನ ತೊಳೆದವರ ಕೈ ಮುರಿಯುತ್ತೇನೆ ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಯೂ ಇದ್ದ.

ಪೆಟ್ಟಿಗೆ ಕೊನೆಗೂ ರಸ್ತೆಗಿಳಿಯಿತು. ಗಿಡುಗ ಕೈ ಕೊಡವಿಕೊಂಡ. ಒಂದು ಕಾಲದಲ್ಲಿ ಅವನಂಥ ಪೈಲಟ್ ಆ ಆಕಾಶದಲ್ಲೇ ಇರಲಿಲ್ಲ. ಹಳದಿ ವಿಮಾನವನ್ನು ಮೋಡದಿಂದ ಕಲ್ಲಿನಂತೆ ಬೀಳಿಸಿ, ಜನರ ಟೋಪಿ ಹಾರುವಷ್ಟು ಕೆಳಗೆ ತಂದು, ವಿಮಾನ ನಡೆಸುವ ಕೋಲು, ಸ್ಟಿಕ್, ಎಳೆದು ನೆಟ್ಟಗೆ ಮೇಲಕ್ಕೇರಿಸುತ್ತಿದ್ದ. ಗಿಡುಗ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಒಮ್ಮೆ ಮರದ ಮೇಲಿನ ಕಾಗೆಯೊಂದು ಅವನನ್ನು ನೋಡಿ ನಾಚಿ ಹಾರುವುದನ್ನೇ ಬಿಟ್ಟಿತು ಎಂಬುದು ಅವನೇ ಹೇಳಿಕೊಂಡ ಕತೆ. ಈಗ ಅವನು ಅದೇ ಏರ್‌ಫೀಲ್ಡಿನಲ್ಲಿ ಇಂಧನದ ಟ್ಯಾಂಕರಿನ ಡ್ರೈವರು. ಪೈಲಟ್ ಸೀಟಿನಿಂದ ಅವನನ್ನು ಇಳಿಸಿದವನು ಈ ಪೆಟ್ಟಿಗೆಯೊಳಗಿದ್ದ.

ಫ್ಲೈಯಿಂಗ್ ಸ್ಕೂಲಿನ ಮಾಲೀಕ ಕಪ್ಪು ಕನ್ನಡಕ ಹಾಕಿಕೊಂಡು, ವ್ಯಾನಿನ ಪಕ್ಕದಲ್ಲಿ ದುಃಖದ ಮುಖ ಮಾಡಿಕೊಂಡು ನಿಂತಿದ್ದ. ಗಿಡುಗನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದ.

"ಏನಪ್ಪಾ, ಒಂದು ಮಾತು. ಪೇಪರಿನವರು ಬರ್ತಿದಾರೆ. ಸ್ಮಶಾನ ನಮ್ಮ ರನ್‌ವೇ ಬೇಲಿ ಪಕ್ಕಾನೇ ಅಲ್ವಾ? ಪೆಟ್ಟಿಗೆ ಗುಂಡಿಗೆ ಇಳಿಸ್ತಿದ್ದ ಹಾಗೆ ಹಳದಿ ವಿಮಾನ ಮೇಲಿಂದ ಧುಮುಕಿ ಬರಬೇಕು. ಸಮಾಧಿ ಮೇಲೆ ಸುಂಯ್ ಅಂತ ಎದ್ದು ಹೋಗಬೇಕು. ವಿಮಾನ ಹೋದ ಮೇಲೇ ಮಣ್ಣು ಹಾಕೋದು ಅಂತ ಹೇಳಿದೀನಿ. ಒಳ್ಳೇ ಫೋಟೋ ಬರತ್ತೆ... ಅಂದ್ರೆ, ಒಳ್ಳೇ ಗೌರವ."

"ಯಾರು ಹಾರಿಸೋದು?"

"ನೀನೇ. ತಮ್ಮ ಅಲ್ವಾ? ಹೃದಯ ಹಿಂಡೋ ಹಾಗಿರತ್ತೆ. ಹಾರಿಸಿ ಬಾ, ನಾಳೆಯಿಂದ ಸೀಟು ನಿನ್ನದು."

"ಆ ವಿಮಾನ ನೆಟ್ಟಗೆ ಹಾರಬಹುದು ಅಷ್ಟೇ, ಧುಮುಕಿಸಬಾರದು ಅಂತ ಅಣ್ಣ ಮುದ್ರೆ ಒತ್ತಿದ್ದ."

"ನಿಮ್ಮಣ್ಣ ಎಣ್ಣೆಗೂ ಕಾಡಿಗೆ ಅಂದೋನು ಕಣಪ್ಪ. ಹೊಸ ತಪಾಸಣೆಯವನು ಬಂದಿದಾನೆ. ಬೆಳಿಗ್ಗೆ ನೋಡಿ, ಫಸ್ಟ್ ಕ್ಲಾಸ್ ಅಂದ."

ಗಿಡುಗನ ಎದೆ ಗುಡಾಣದಷ್ಟು ಉಬ್ಬಿತು. ಅಣ್ಣ ತನ್ನನ್ನು ಇಳಿಸಿದ ವಿಮಾನವನ್ನು, ಅಣ್ಣ ಮಾಡಬೇಡ ಎಂದ ಹಾಗೆ, ಅಣ್ಣನ ಮೂಗಿನ ಮೇಲೇ ಹಾರಿಸುವುದು! ಇದಕ್ಕಿಂತ ದೊಡ್ಡ ಸೇಡನ್ನು ದೇವರೂ ಯೋಚಿಸಿರಲಾರ.

ಅತ್ತಿಗೆ ವ್ಯಾನು ಹತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹೋಗು, ಹಾರಿಸು" ಎಂದಳು. "ಹೆಣದ ಮುಂದೆ ಮೀಸೆ ತಿರುವೋದು ಬಾಕಿ ಇತ್ತು, ಅದನ್ನೂ ಮುಗಿಸ್ಕೋ."

*

ಅದು ಅಣ್ಣತಮ್ಮಂದಿರಿಬ್ಬರೂ ಇನ್ನೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದ ಕಾಲ.

"ರೆಕ್ಕೆ ಯಾಕೋ ಮುರಿಯತ್ತೆ?" ಅಣ್ಣ ಸೌಟು ಕೈಗೆತ್ತಿಕೊಂಡ.

"ಬಿರುಗಾಳಿಗೆ."

"ಮಣ್ಣಂಗಟ್ಟಿ! ಬಿರುಗಾಳಿ ಬರೀ ನೆಪ. ಉಪ್ಪುಗಾಳಿ ತೊಲೆಯನ್ನ ಒಳಗಿಂದ ತಿಂದಿರತ್ತೆ. ರೆಕ್ಕೆಯ ಹಿಂದಿನ ಅಂಚಲ್ಲಿ ಮೇಲೆ ಕೆಳಗೆ ಆಡೋ ಬಾಗಿಲುಗಳ ಕೀಲು ಸಡಿಲ ಆಗಿ, ಜೋರಾಗಿ ಹೋಗುವಾಗ ಬಟ್ಟೆ ಪಟಪಟ ಅನ್ನೋ ಹಾಗೆ ಒದರಿ ಒದರಿ ಕಿತ್ತು ಬರತ್ತೆ. ಅವೆಲ್ಲಾ ಬಿಡು. ನಿನ್ನಂಥ ಮಹಾಶೂರರು ಕೂತಿರೋ ವಿಮಾನದ ರೆಕ್ಕೆ ಹೇಗೆ ಮುರಿಯತ್ತೆ ಹೇಳ್ತೀನಿ." ಹಿಡಿಯನ್ನು ಬಗ್ಗಿಸಿದ, ನೆಟ್ಟಗೆ ಮಾಡಿದ. "ಏನಾಯ್ತು? ಏನೂ ಇಲ್ಲ. ಇನ್ನೊಂದ್ಸಲ. ಏನೂ ಇಲ್ಲ. ಆ 'ಏನೂ ಇಲ್ಲ'ದ ಮೇಲೆ ನೀನು ಮೆರೀತಿದೀಯ."

"ಊಟ ಮಾಡೋಣ್ವಾ ಅಣ್ಣ?"

"ಕೇಳೋ. ರೆಕ್ಕೆಯ ಬುಡದಲ್ಲಿ ಬೋಲ್ಟಿನ ತೂತು ಇರತ್ತೆ. ಅದರ ಅಂಚಲ್ಲಿ ಕೂದಲಷ್ಟು ಬಿರುಕು. ನೀನು ಧುಮುಕಿ, ಬಾವಿ ಹಗ್ಗ ಜಗ್ಗೋ ಹಾಗೆ ಸ್ಟಿಕ್ ಜಗ್ತೀಯಲ್ಲ, ಆಗ ರೆಕ್ಕೆ ಮೇಲೆ ವಿಮಾನದ ತೂಕದ ನಾಲ್ಕೈದು ಪಟ್ಟು ಭಾರ ಕೂರತ್ತೆ. ರೆಕ್ಕೆ ಮೇಲಕ್ಕೆ ಬಾಗತ್ತೆ, ತೊಲೆಯ ಕೆಳಮಗ್ಗುಲು ಎಳೆಸಿಕೊಳ್ಳತ್ತೆ. ಬಿರುಕು ಒಂದು ಹೆಜ್ಜೆ ಮುಂದೆ ಹೋಗತ್ತೆ. ನೀನು ಇಳಿದು ಬಂದು ಚಪ್ಪಾಳೆ ತಗೋತೀಯ. ಬಿರುಕು ಹಿಂದಕ್ಕೆ ಹೋಗಲ್ಲ ಕಣೋ. ಲೋಹಕ್ಕೆ ಬಂದ ದಣಿವು ಮಲಗಿದ್ರೆ ಹೋಗಲ್ಲ. ಯಾವತ್ತೋ ಒಂದಿನ, ಎಲೆನೂ ಅಲ್ಲಾಡದ ದಿನ, ಮಾಮೂಲಿ ಎಳೆತಕ್ಕೆ..."

ಪಟ್. ಸೌಟಿನ ತಲೆ ಸಾರಿನ ಪಾತ್ರೆಗೆ ಬಿತ್ತು. ಗೋಡೆಯವರೆಗೂ ಹಾರಿದ ಸಾರು ಗಿಡುಗನ ಬಿಳಿ ಅಂಗಿಯನ್ನು ಬಿಡಲಿಲ್ಲ.

"ಅದು ನಮ್ಮಮ್ಮ ಕೊಟ್ಟಿದ್ದ ಸೌಟು!" ಅತ್ತಿಗೆ ಚೀರಿದಳು.

"ಅಣ್ಣ, ನನ್ನ ವಿಮಾನ ಸೌಟಲ್ಲ."

"ಹೌದಪ್ಪ. ಸೌಟಿಗೆ ಪೈಲಟ್ ಇರಲ್ಲ, ಅದರ ಪುಣ್ಯ."

ಅದಾಗಿ ಕೆಲವೇ ವಾರಗಳಲ್ಲಿ ವಾರ್ಷಿಕ ಪ್ರದರ್ಶನ. ನೋಡಲು ಲೋಕದ ಅರ್ಧ ಜನ ಬಂದಿದ್ದರು, ಉಳಿದರ್ಧ ಜನರಿಗೆ ಟಿಕೆಟ್ ಸಿಕ್ಕಿರಲಿಲ್ಲ. ಗಿಡುಗ ಕತ್ತಿಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ಸೀಟಿನಲ್ಲಿ ಕೂತು ಕೈ ಬೀಸುತ್ತಿದ್ದಾಗ, ಅಣ್ಣ ರೆಕ್ಕೆಯ ಕೆಳಗಿನಿಂದ ಎದ್ದು ಬಂದು "ಕಾಡಿಗೆ!" ಎಂದು ಕೂಗಿ, ವಿಮಾನದ ಮುಂದೆ ಅಂಗಾತ ಮಲಗಿಬಿಟ್ಟ. ಮೆಕ್ಯಾನಿಕ್ ಬಂದು ಬೆರಳಿಟ್ಟು ನೋಡಿ ಮೂಸಿದ. ಎಂಜಿನ್ನಿನಿಂದ ಸೋರಿದ ಎಣ್ಣೆ! ಜನ ನಕ್ಕ ನಗುವನ್ನು ಗುಡುಗು ಅಂದುಕೊಂಡು ಪಕ್ಕದ ಊರಿನವರು ಒಣಗಲು ಹಾಕಿದ್ದ ಬಟ್ಟೆ ತೆಗೆದರು.

ಬೇರೆ ಯಾರಾಗಿದ್ದರೂ ನೆಲದೊಳಗೆ ಇಳಿದುಹೋಗುತ್ತಿದ್ದರು. ಅಣ್ಣ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಅಷ್ಟೂ ಜನರ ಎದುರಿಗೆ ಮಾಲೀಕನಿಗೆ, "ಇವತ್ತು ಎಣ್ಣೆ. ನಾಳೆ ಕಾಡಿಗೆ. ಇವನು ಜಗ್ಗೋ ರೀತಿಗೆ ಬಂದೇ ಬರತ್ತೆ. ಇವನನ್ನ ಆ ಸೀಟಿಂದ ಇಳಿಸಿ. ಇಲ್ಲಾಂದ್ರೆ ನಿಮ್ಮ ಒಂದು ವಿಮಾನಕ್ಕೂ ನನ್ನ ಮುದ್ರೆ ಬೀಳಲ್ಲ" ಅಂದ. ಮುದ್ರೆ ಇಲ್ಲದೆ ವಿಮಾನ ಏಳುವಂತಿರಲಿಲ್ಲ. ಮಾಲೀಕನಿಗೂ ತನ್ನ ಅಳಿಯನನ್ನು ಆ ಸೀಟಿನಲ್ಲಿ ಕೂರಿಸಲು ಒಂದು ನೆಪ ಬೇಕಿತ್ತು. ಗಿಡುಗನ ಕೈಗೆ ಟ್ಯಾಂಕರಿನ ಬೀಗದ ಕೈ ಬಂತು.

"ನೀನು ಸತ್ತರೂ ನಿನ್ನ ಮುಖ ನೋಡಲ್ಲ" ಅಂದ ಗಿಡುಗ.

"ನೀನು ಬದುಕಿದ್ರೆ ಸಾಕು. ನೋಡದಿದ್ರೆ ಕತ್ತೆ ಬಾಲ" ಅಂದ ಅಣ್ಣ.

ಅಣ್ಣತಮ್ಮಂದಿರ ಕೊನೆಯ ಮಾತುಕತೆ ಅದೇ.

*

ಹ್ಯಾಂಗರಿನ ದೊಡ್ಡ ಬಾಗಿಲು ತೆರೆದಿತ್ತು. ಹೊಳೆವ ಹಳದಿ ವಿಮಾನವನ್ನು ನೋಡಿ ಗಿಡುಗ ಕಣ್ಣು ಕಿರಿದು ಮಾಡಿಕೊಂಡ. ಅದನ್ನು ತಿಕ್ಕಿದ ರಭಸಕ್ಕೆ ಸೂರ್ಯನೇ ಒಂದು ಗಳಿಗೆ ಎಲ್ಲಿದ್ದೇನೆ ಎಂದು ಗೊಂದಲಗೊಂಡಂತಿತ್ತು. ಹ್ಯಾಂಗರು ತೊಳೆಯುವ, ಎಲ್ಲರೂ ಅಕ್ಕ ಎನ್ನುವ ಕೆಲಸದಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಬಾಣಂತಿ ಕೂಸನ್ನು ನೋಡುವಂತೆ ವಿಮಾನವನ್ನು ನೋಡುತ್ತ ನಿಂತಿದ್ದಳು.

ಬೇಲಿಯಾಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಜನ ಗುಂಡಿಯ ಸುತ್ತ ಸೇರುತ್ತಿದ್ದರು.

"ಹೆಂಗಿದೆ ಅಣ್ಣಾ?" ಅಕ್ಕ ಕೇಳಿದಳು. "ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ಬೆಳಕು ಹರಿಯೋ ಮುಂಚೆ ಶುರು ಮಾಡಿದ್ದು. ದೊಡ್ಡಣ್ಣನ ಕೊನೇ ಮೆರವಣಿಗೆ, ಗಲೀಜಾಗಿರೋ ವಿಮಾನ ಕಳಿಸೋಕಾಗತ್ತಾ?"

"ಅಣ್ಣ ಇದ್ದಿದ್ರೆ ನಿನ್ನ ಕೈ ಮುರೀತಿದ್ದ."

"ಮುರೀಲಿ ಬಿಡಣ್ಣ, ಅವರೇ ಇಲ್ಲ." ಮೂಗೊರೆಸಿಕೊಂಡು ಅವಳು ಮುಂದುವರಿಸಿದಳು. "ಬುಡದಲ್ಲೇ ಜಾಸ್ತಿ ಕಷ್ಟ ಆಗಿದ್ದು. ಎಡಗಡೆ ರೆಕ್ಕೆ ಕೆಳಗೆ, ಇಷ್ಟುದ್ದ ಕಾಡಿಗೆ. ಸಾಲಾಗಿ, ಮದುವೆ ಹೆಣ್ಣಿನ ಥರ. ತಿಕ್ಕಿ ತಿಕ್ಕಿ ತೆಗೆದೆ."

ಗಿಡುಗ ಒಂದು ಕಾಲನ್ನು ವಿಮಾನದ ಮೆಟ್ಟಿಲ ಮೇಲಿಟ್ಟವನು ಹಾಗೇ ನಿಂತ.

"ಎಣ್ಣೆ ಇರಬೇಕು."

"ಎಣ್ಣೆ ನನಗೆ ಗೊತ್ತಿಲ್ವಾ? ಎಣ್ಣೆ ಜಿಡ್ಡು, ಬಟ್ಟೆಗೆ ಅಂಟತ್ತೆ. ಇದು ಒಣ ಹುಡಿ. ಹೋದ ವಾರ ದೊಡ್ಡಣ್ಣ ಹಾಸಿಗೆ ಹಿಡಿದಾಗಲೂ ಒರೆಸಿದ್ದೆ, ಮಾಲೀಕರ ಅಳಿಯಂದಿರು ಎರಡು ಸುತ್ತು ಹಾರಿಸಿ ಬಂದ್ರು, ಮತ್ತೆ ಅಲ್ಲೇ ಬಂದಿತ್ತು! ಮಾನಗೆಟ್ಟದ್ದು. ಇವತ್ತು ಮಾತ್ರ ಬಿಡಲಿಲ್ಲ ನಾನು. ಹೊಸ ತಪಾಸಣೆಯವರು ಬಂದು ನೋಡಿ, ಭೇಷ್ ಅಂದ್ರು."

ಗಿಡುಗ ರೆಕ್ಕೆಯ ಕೆಳಗೆ ನುಗ್ಗಿ ಅಂಗಾತ ಮಲಗಿದ. ಬುಡದಲ್ಲಿ ರಿವೆಟ್ಟುಗಳು ಮುತ್ತಿನಂತೆ ಸಾಲಾಗಿ ಹೊಳೆದವು. ಒಂದು ಕಲೆಯಿಲ್ಲ. ಉಗುರಿನಿಂದ ಒಂದೊಂದನ್ನೇ ಒತ್ತಿದ. ಕಿವಿಯಿಟ್ಟು, ಗೆಣ್ಣಿನಿಂದ ತಟ್ಟಿದ. ಅಣ್ಣನಿಗೆ ಏನೇನೋ ಕೇಳಿಸುತ್ತಿತ್ತಂತೆ. ಇವನಿಗೆ ತನ್ನ ಎದೆ ಬಡಿತವೇ ಕೇಳಿಸಿತು. ಎದ್ದು ರೆಕ್ಕೆಯ ತುದಿಗೆ ಹೋಗಿ ಜೋತುಬಿದ್ದು ಅಲ್ಲಾಡಿಸಿದ. ಬುಡದಲ್ಲೆಲ್ಲೋ ಟಿಕ್ ಎಂದಿತು. ಅಥವಾ ಅವನ ಷೂ ಇರಬಹುದು.

"ಏನ್ರೀ, ಉಯ್ಯಾಲೆ ಆಡ್ತಿದೀರಾ?"

ಮಾಲೀಕನ ಅಳಿಯ. ಕೈಗೆ ಚರ್ಮದ ಗ್ಲೌಸು, ಕತ್ತಿಗೆ ರೇಷ್ಮೆ ವಸ್ತ್ರ. ಒಂದು ಕಾಲಕ್ಕೆ ಗಿಡುಗ ಸುತ್ತಿಕೊಳ್ಳುತ್ತಿದ್ದಂಥದ್ದೇ ವಸ್ತ್ರ. ಸೀಟು ಕೈತಪ್ಪುತ್ತಿರುವ ಸಂಕಟ ಅವನ ಮುಖದ ಮೇಲೆ ಬೇಯುತ್ತಿತ್ತು.

"ಇದು ಏಳಬಾರದು" ಅಂದ ಗಿಡುಗ. "ಬುಡದಲ್ಲಿ ಕಾಡಿಗೆ ಇತ್ತು. ಒರೆಸಿದ್ರೂ ಮತ್ತೆ ಬಂದಿದೆ. ಒಳಗೆ ತೊಲೆ ಬಿರುಕು ಬಿಟ್ಟಿರತ್ತೆ."

"ಎಲ್ಲಿ, ತೋರಿಸಿ?"

"ತೊಳೆದುಬಿಟ್ಟಿದಾರೆ."

ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣ ಇಲ್ಲದ್ದನ್ನ ಕಂಡ, ತಮ್ಮ ಹೋದದ್ದನ್ನ ಕಾಣ್ತಾನೆ! ಒಳ್ಳೇ ವಂಶ ಕಣ್ರೀ ನಿಮ್ಮದು. ಕೈಕಾಲು ನಡುಗ್ತಿದ್ರೆ ಹಾಗೇ ಹೇಳಿ. ಟ್ಯಾಂಕರ್ ಓಡಿಸಿ ಓಡಿಸಿ ಎತ್ತರ ಮರೆತು ಹೋಗಿದೆ ನಿಮಗೆ. ಸರೀರಿ, ನಾನು ಹಾರಿಸ್ತೀನಿ."

"ಲೋ, ಧುಮುಕಿ ಎಳೆದ್ರೆ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳತ್ತೆ ಕಣೋ. ಪುಸ್ತಕ ಮುಚ್ಚಿದ ಹಾಗೆ."

"ಲೋ ಗೀ ಅಂದ್ರೆ ಚೆನ್ನಾಗಿರಲ್ಲ. ಮಾವನಿಗೆ ಫೋನ್ ಮಾಡ್ಲಾ? ನೀವು ಅಣ್ಣನ ಗುಂಡಿ ಹತ್ರ ಹೋಗಿ ಅಳಿ, ಹೋಗಿ."

ಹೋಗಬಹುದಿತ್ತು. ಹೋಗುವುದು ಬಹಳ ಸುಲಭವಿತ್ತು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು, ತೊಳೆಯುವ ಅಕ್ಕನೇ ಸಾಕ್ಷಿ. ಬೇಲಿ ದಾಟಿ, ಕೈಕಟ್ಟಿ ನಿಂತು, ಕತ್ತೆತ್ತಿ ನೋಡಿದರಾಯಿತು. ತನ್ನ ಸೀಟು ಕಸಿದುಕೊಂಡವನು, ತನ್ನ ವಸ್ತ್ರ ಸುತ್ತಿಕೊಂಡವನು, ಪೇಪರಿನವರ ಎದುರಿಗೇ ಬಣ್ಣದ ಕಾಗದದಂತೆ ಚೂರಾಗಿ ಉದುರುವುದನ್ನು ಕಾಣಬಹುದಿತ್ತು. ಆ ಒಂದು ಗಳಿಗೆ ಗಿಡುಗನ ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ. ಹೊಟ್ಟೆಕಿಚ್ಚಿಗೆ ರುಚಿ ಇದ್ದಿದ್ದರೆ ಅದು ಜೇನಿನದ್ದೇ ಆಗಿರುತ್ತಿತ್ತು.

ಅಳಿಯ ಮೆಟ್ಟಿಲು ಹತ್ತಿ ಸೀಟಿನಲ್ಲಿ ಕೂತ. ಬೆಲ್ಟು ಬಿಗಿದುಕೊಂಡು, ಕನ್ನಡಿಯಂಥ ರೆಕ್ಕೆಯಲ್ಲಿ ತನ್ನ ಮುಖ ನೋಡಿಕೊಂಡು, ವಸ್ತ್ರದ ಗಂಟನ್ನು ಸರಿಮಾಡಿಕೊಂಡ. ಇಷ್ಟು ವರ್ಷವಾದರೂ ಅವನಿಗೆ ಮೀಸೆ ಸರಿಯಾಗಿ ತುಂಬಿರಲಿಲ್ಲ.

"ಥೂ" ಅಂದ ಗಿಡುಗ. ಯಾರಿಗೆ ಅಂದದ್ದು ಎಂದು ಅವನಿಗೇ ತಿಳಿಯಲಿಲ್ಲ.

ಗೋಡೆಯಲ್ಲಿ, ಗಾಜಿನ ಹಿಂದೆ, ಬೆಂಕಿ ಬಿದ್ದರೆ ಬಳಸುವ ಕೊಡಲಿ ಇತ್ತು. ಮೊಳಕೈಯಿಂದ ಗುದ್ದಿದ ಏಟಿಗೆ ಗಾಜು ಪುಡಿಯಾಯಿತು. ತೊಳೆಯುವ ಅಕ್ಕ "ಅಯ್ಯಯ್ಯೋ!" ಎಂದು ತನ್ನ ಬಕೀಟಿನ ಹಿಂದೆ ಅಡಗಿದಳು, ಬಕೀಟು ಅವಳನ್ನು ಅಡಗಿಸುವಷ್ಟು ದೊಡ್ಡದೇನಲ್ಲ. ಗಿಡುಗ ಇಂಧನ ತುಂಬಿದ್ದ ಬುಡದ ಭಾಗ ಬಿಟ್ಟು, ರೆಕ್ಕೆಯ ಹೊರ ಅರ್ಧಕ್ಕೆ ಬಂದು, ಕೊಡಲಿ ಎತ್ತಿ ಇಳಿಸಿದ.

ಆ ಸದ್ದಿಗೆ ಹ್ಯಾಂಗರಿನ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಎದ್ದವು, ಕೆಲವು ಇನ್ನೂ ಇಳಿದಿಲ್ಲ.

"ಏನ್ ಮಾಡ್ತಿದೀಯೋ ಹುಚ್ಚಾ!" ಅಳಿಯ ಬೆಲ್ಟು ಬಿಚ್ಚಲು ಒದ್ದಾಡಿದ. "ಮಾವಾ! ಮಾವಾ!"

"ಕೂಗೋ, ಇನ್ನೂ ಜೋರಾಗಿ ಕೂಗು. ಕೂಗೋಕೆ ಜೀವ ಇದೆಯಲ್ಲ ನಿನಗೆ" ಎಂದು ಗಿಡುಗ ಮತ್ತೊಂದು ಏಟು ಹಾಕಿದ. ಆಮೇಲೆ ಅಳಿಯನನ್ನು ಬಿಟ್ಟು ಅಣ್ಣನಿಗೆ ಶುರುಮಾಡಿದ. "ಸತ್ತ ಮೇಲೂ ನನ್ನ ಸೀಟು ಕಿತ್ಕೊಂಡೆಯಲ್ಲೋ, ಪಾಪಿ! ನನ್ನ ಕೈಲೇ ಕೀಳಿಸಿದೆಯಲ್ಲೋ!" ತಗಡು ಹರಿದು ಬಾಯಿ ತೆರೆಯಿತು. "ಎಲ್ಲರೂ ನಿನ್ನ ಥರ ಮೂಗಿನ ನೇರಕ್ಕೆ ಬದುಕಬೇಕಾ? ಆಂ? ಜಗಳಗಂಟ! ಸೌಟು ಮುರುಕ!" ಒಂದೊಂದು ಬೈಗುಳಕ್ಕೂ ಒಂದೊಂದು ಏಟು. ಏಟು ಮುಗಿದರೂ ಬೈಗುಳ ಮುಗಿಯುವಂತಿರಲಿಲ್ಲ. ರೆಕ್ಕೆಯ ಹೊರ ಅರ್ಧ ಕಿರುಗುಟ್ಟಿ, ಒಂದೆರಡು ತಗಡಿನ ಎಳೆಗಳಿಂದ ನೇತಾಡಿ, ನೆಲಕ್ಕೆ ಕುಕ್ಕರಿಸಿತು.

ಇನ್ನು ಬುಡದ ತಗಡೊಂದನ್ನು ಕಿತ್ತರೆ ಒಳಗಿನ ತೊಲೆ ಕಾಣುತ್ತಿತ್ತು. ಬಿರುಕು ಇತ್ತೋ ಇಲ್ಲವೋ, ಅಣ್ಣ ಗೆದ್ದನೋ ತಾನು ಗೆದ್ದೆನೋ ಗೊತ್ತಾಗುತ್ತಿತ್ತು. ಗಿಡುಗ ಅತ್ತ ನೋಡಲಿಲ್ಲ. ಕೊಡಲಿಯನ್ನು ಬೀಸಾಡಿ, ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತ.

ಬೇಲಿಯಾಚೆ ಪೆಟ್ಟಿಗೆ ಗುಂಡಿಗೆ ಇಳಿದಾಗಿತ್ತು. ಹ್ಯಾಂಗರಿನ ಸದ್ದನ್ನು ವಿಮಾನ ಏಳುವ ಸದ್ದು ಅಂದುಕೊಂಡ ಮಾಲೀಕ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಮೋಡಗಳನ್ನು ಹುಡುಕುತ್ತಿದ್ದ. ಪೇಪರಿನವರು ಕ್ಯಾಮೆರಾ ಎತ್ತಿ ಹಿಡಿದಿದ್ದರು. ಹ್ಯಾಂಗರಿನವರು, ಪಕ್ಕದ ಮನೆಯಾಕೆ, ಗುರುತು ಪರಿಚಯವಿಲ್ಲದವರು, ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು, ಬಾಯಿ ತೆರೆದು, ಖಾಲಿ ಆಕಾಶವನ್ನೇ ನೋಡುತ್ತಿದ್ದರು.

ಅತ್ತಿಗೆ ಮಾತ್ರ ಹ್ಯಾಂಗರಿನ ಕಡೆ ತಿರುಗಿದ್ದಳು. ಬಾಗಿಲಲ್ಲಿ ನಿಂತವನನ್ನು, ಅವನ ಹಿಂದೆ ಒಂದು ಮಗ್ಗುಲಿಗೆ ಕುಸಿದಿದ್ದ ಹಳದಿ ವಿಮಾನವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಬಾಯಿ ತೆರೆದು ಮೇಲೆ ನೋಡುತ್ತಿದ್ದ ಗುಂಡಿ ತೋಡುವವನ ಕೈಯಿಂದ ಸಲಿಕೆ ಕಿತ್ತುಕೊಂಡು, ಮುಖವೆತ್ತಿ ನಿಂತ ಅಷ್ಟೂ ಜನರ ನಡುವೆ ಒಬ್ಬಳೇ ತಲೆ ತಗ್ಗಿಸಿ ಗುಂಡಿಗೆ ಮಣ್ಣು ಎಳೆಯತೊಡಗಿದಳು.